ಹೊಳೆಗೆ ಸಿಗಡಿ ಮರಿ ಬಿಡೋದಾ, ಹಲಗೆ ತೆಗೆಯೋದಾ?

ಪ್ರಶ್ನೆ: “ನಮ್ಮದು ಕುಂದಾಪುರ ತಾಲೂಕಿನ ಒಳಗಿನ ಊರು. ಹೊಳೆಯ ದಾರಿಯಲ್ಲಿ ಅಳಿವೆಗೆ ಹದಿನೈದು ಕಿಲೋಮೀಟರ್ ಆಗಬಹುದು. ನಾನು ಚಿಕ್ಕವನಿದ್ದಾಗ ಮಳೆ ಇಳಿದ ಮೇಲೆ ಇಲ್ಲಿ ಗೇಣುದ್ದದ ಹೊಳೆ ಚಟ್ಲಿ ಸಿಗುತ್ತಿತ್ತು, ನೀಲಿ ಬಣ್ಣದ ಉದ್ದ ಕಾಲಿನದು. ಕೆಳಗೆ ಹಲಗೆ ಹಾಕಿ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟು ಆದ ಮೇಲೆ ವರ್ಷ ವರ್ಷ ಕಡಿಮೆಯಾಗಿ, ಈಗ ನೋಡಲಿಕ್ಕೂ ಇಲ್ಲ. ನಮ್ಮ ಯುವಕ ಸಂಘದವರು ಆಂಧ್ರದ ಹ್ಯಾಚರಿಯಿಂದ 20,000 ಮರಿ ತಂದು ಹೊಳೆಗೆ ಬಿಡೋಣ ಅಂತಿದ್ದಾರೆ. ಹಿರಿಯರು, ‘ಅದು ಸಮುದ್ರದಿಂದ ಬರುವುದು, ಒಂದು ಹೊಳೆಯಲ್ಲಿ ಖಾಲಿಯಾದರೆ ಇನ್ನೊಂದು ಹೊಳೆಯದ್ದು ಬರುತ್ತದೆ, ಸುಮ್ನಿರಿ’ ಅಂತಾರೆ. ಕಾಲೇಜಿಗೆ ಹೋಗುವ ನನ್ನ ಮಗಳು, ‘ಹೊರಗಿನ ಮರಿ ಬಿಟ್ಟರೆ ನಮ್ಮ ತಳಿ ಹಾಳಾಗುತ್ತದೆ’ ಅಂತಾಳೆ. ಯಾರ ಮಾತು ಸರಿ? ಇನ್ನೊಂದು ವಿಷಯ. ಕಳೆದ ವರ್ಷ ನಮ್ಮ ತೋಟದ ಕೆರೆಗೆ ಬಿಟ್ಟ ಮರಿ ದೊಡ್ಡದಾಗಿ ಹೊಟ್ಟೆಯಡಿ ಮೊಟ್ಟೆ ಕಟ್ಟಿಕೊಂಡಿವೆ. ಅವು ಅಲ್ಲೇ ಹೆಚ್ಚಾಗುತ್ತವಾ?”

ಉತ್ತರ: ಮೂವರ ಮಾತಿನಲ್ಲೂ ಒಂದಿಷ್ಟು ಸತ್ಯ ಇದೆ, ಒಂದಿಷ್ಟು ತಪ್ಪೂ ಇದೆ. ಜಾಸ್ತಿ ತಪ್ಪಿರುವುದು ಹಿರಿಯರ ಮಾತಿನ ಕೊನೆಯ ಮೂರಕ್ಷರದಲ್ಲಿ, ಆ ‘ಸುಮ್ನಿರಿ’ಯಲ್ಲಿ. ಮೊದಲು ಪ್ರಾಣಿ ಯಾವುದು ಅಂತ ನೋಡೋಣ.

ಗೇಣುದ್ದ, ನೀಲಿ ಕಾಲು ಅಂದಿದ್ದೀರಿ. ಅಲ್ಲಿಗೆ ಅದು ಬಹುಪಾಲು ಮ್ಯಾಕ್ರೊಬ್ರಾಕಿಯಂ ರೋಸೆನ್‌ಬರ್ಗಿ. ಪೇಟೆಯಲ್ಲಿ ಸ್ಕ್ಯಾಂಪಿ ಅಂತ ಮಾರುವುದು ಇದನ್ನೇ. ಚಟ್ಲಿ, ಶೆಟ್ಲಿ, ಎಟ್ಟಿ, ಸುಂಗಟ, ಸಿಗಡಿ ಅಂತ ನಮ್ಮಲ್ಲಿ ಎಷ್ಟೋ ಹೆಸರಿದೆ. ಆದರೆ ಆ ಒಂದೊಂದು ಹೆಸರಿನಡಿಯೂ ಎರಡು ಬೇರೆ ಬೇರೆ ಬಳಗಗಳು ಸೇರಿಕೊಂಡಿವೆ. ಗೊಂದಲದ ಅರ್ಧ ಇಲ್ಲೇ ಹುಟ್ಟುವುದು.

ಸಮುದ್ರದ ಸಿಗಡಿ ಮೊಟ್ಟೆಯನ್ನು ಕಡಲಿನ ನೀರಿಗೇ ಬಿಟ್ಟುಬಿಡುತ್ತದೆ. ಅದರ ಮರಿಗಳು ಅಳಿವೆಗೆ, ಉಪ್ಪು ನೀರು ನುಗ್ಗುವ ಗಜನಿ ಗದ್ದೆಗೆ ಬಂದು ಬೆಳೆದು, ಮತ್ತೆ ಕಡಲಿಗೆ ಹೋಗುತ್ತವೆ. ಹೊಳೆ ಸಿಗಡಿಯದು ಪೂರ್ತಿ ಉಲ್ಟಾ. ಅದು ಬೆಳೆಯುವುದು, ಜೋಡಿಯಾಗುವುದು ಸಿಹಿ ನೀರಿನಲ್ಲಿ. ಹೆಣ್ಣು ಮೊಟ್ಟೆಯನ್ನು ಹೊಟ್ಟೆಯಡಿಯ ಈಜುಕಾಲುಗಳ ನಡುವೆ ಹೊತ್ತುಕೊಂಡು ಸುಮಾರು ಮೂರು ವಾರ ತಿರುಗುತ್ತದೆ. ಮೊದಲು ಕಿತ್ತಳೆ ಬಣ್ಣ ಇರುವ ಮೊಟ್ಟೆ ಒಡೆಯುವ ಹೊತ್ತಿಗೆ ಬೂದು ಬಣ್ಣಕ್ಕೆ ತಿರುಗುತ್ತದೆ. ಆ ಹೊತ್ತಿಗೆ ಹೆಣ್ಣು ಅಳಿವೆಯತ್ತ ಇಳಿಯುತ್ತಿರುತ್ತದೆ. ಯಾಕೆಂದರೆ ಮರಿಗೆ ಉಪ್ಪು ಬೇಕು.

ಈ ಕೊನೆಯ ಮಾತು ಪುಸ್ತಕದಲ್ಲಿ ಓದಿದ್ದರೂ ನನಗೆ ಮನಸ್ಸಿಗೆ ಇಳಿದದ್ದು ಒಂದು ಪೆದ್ದು ಕೆಲಸದಿಂದ. ಓದುವ ಕಾಲದಲ್ಲಿ ಮೊಟ್ಟೆ ಹೊತ್ತ ಹೆಣ್ಣೊಂದನ್ನು ತಂದು ಗಾಜಿನ ತೊಟ್ಟಿಯಲ್ಲಿ ಇಟ್ಟಿದ್ದೆ. ಶುದ್ಧ ಬಾವಿ ನೀರು, ಗಾಳಿಗೆ ಪಂಪು, ಎಲ್ಲ ವ್ಯವಸ್ಥೆ ಇತ್ತು. ಒಂದು ಬೆಳಿಗ್ಗೆ ನೋಡಿದರೆ ತೊಟ್ಟಿ ತುಂಬ ಸಾವಿರಾರು ಚುಕ್ಕಿಗಳು. ಎಲ್ಲವೂ ತಲೆಕೆಳಗಾಗಿ, ಬಾಲ ಮುಂದೆ ಮಾಡಿ ಈಜುತ್ತಿದ್ದವು. ಖುಷಿಯಿಂದ ಎಲ್ಲರನ್ನೂ ಕರೆದು ತೋರಿಸಿದೆ. ಐದನೇ ದಿನ ಒಂದೂ ಉಳಿದಿರಲಿಲ್ಲ. ನೀರು ಕೆಟ್ಟಿರಲಿಲ್ಲ. ಅದರಲ್ಲಿ ಉಪ್ಪು ಇರಲಿಲ್ಲ, ಅಷ್ಟೇ.

ಈ ಗುಟ್ಟು ಜಗತ್ತಿಗೆ ಗೊತ್ತಾದದ್ದೂ ತಡವಾಗಿಯೇ. 1960ರ ದಶಕದ ಆರಂಭದಲ್ಲಿ ಮಲೇಷ್ಯಾದ ಪೆನಾಂಗ್‌ನಲ್ಲಿ ಶಾವೊ ವೆನ್ ಲಿಂಗ್ ಎಂಬ ವಿಜ್ಞಾನಿ ಈ ಮರಿಗಳಿಗೆ ಸವುಳು ನೀರು ಬೇಕೇ ಬೇಕು ಅಂತ ಕಂಡುಕೊಂಡರು. ಇವತ್ತಿನ ಎಲ್ಲ ಸ್ಕ್ಯಾಂಪಿ ಹ್ಯಾಚರಿಗಳು ನಿಂತಿರುವುದು ಆ ಒಂದು ತಿಳಿವಳಿಕೆಯ ಮೇಲೆ. ಲೀಟರಿಗೆ ಸುಮಾರು 12 ಗ್ರಾಂ ಉಪ್ಪಿರುವ ನೀರು ಇವಕ್ಕೆ ಹಿತ. ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಇರುತ್ತದೆ. ಅಂದರೆ ಮೂರರಲ್ಲಿ ಒಂದು ಪಾಲು ಕಡಲು, ಉಳಿದದ್ದು ಹೊಳೆ. ಆ ನೀರಿನಲ್ಲಿ ಮರಿ ಹನ್ನೊಂದು ಸಲ ರೂಪ ಬದಲಿಸಿ, ಮೂರರಿಂದ ಐದು ವಾರದಲ್ಲಿ ಸಿಗಡಿಯ ಆಕಾರಕ್ಕೆ ಬರುತ್ತದೆ. ಆಗ ತಲೆಕೆಳಗಿನ ಈಜು ನಿಲ್ಲಿಸಿ, ನೆಲ ಹಿಡಿದು, ಹರಿವಿಗೆ ಎದುರಾಗಿ ಮೇಲಕ್ಕೆ ನಡೆಯಲು ಶುರು ಮಾಡುತ್ತದೆ. ಆಗ ಅದರ ಉದ್ದ ಒಂದು ಸೆಂಟಿಮೀಟರಿನ ಆಸುಪಾಸು.

ಹಾಗಾಗಿ ‘ಅದು ಸಮುದ್ರದಿಂದ ಬರುವುದು’ ಎಂಬುದು ಅರ್ಧ ನಿಜ. ಅದು ಅಳಿವೆಯ ಸವುಳು ನೀರಿನಿಂದ ಬರುತ್ತದೆ. ಮರಿ ಬರಬೇಕಾದರೆ ಮೊದಲು ತಾಯಿ ಮೇಲಿನಿಂದ ಕೆಳಗೆ ಹೋಗಿರಬೇಕು. ನಿಮ್ಮ ಕಿಂಡಿ ಅಣೆಕಟ್ಟು ಕೂತಿರುವುದು ಈ ಎರಡೂ ದಾರಿಯ ಮೇಲೆ.

ಈಗ ‘ಇನ್ನೊಂದು ಹೊಳೆಯದ್ದು ಬರುತ್ತದೆ’ ಎಂಬ ಮಾತಿಗೆ ಬರೋಣ. ಇದನ್ನು ಒರೆಗೆ ಹಚ್ಚುವ ದಾರಿ ಇದೆ. ಬೇರೆ ಬೇರೆ ಹೊಳೆಗಳಿಂದ ತಲಾ ಮೂವತ್ತು ನಲವತ್ತು ಸಿಗಡಿ ಹಿಡಿದು, ಒಂದು ಈಜುಕಾಲಿನ ತುದಿ ಕತ್ತರಿಸಿ ಆಲ್ಕೊಹಾಲಿಗೆ ಹಾಕಿಕೊಂಡು, ಪ್ರಾಣಿಯನ್ನು ವಾಪಸ್ ಬಿಡುತ್ತೇವೆ. ಆ ತುಣುಕಿನಿಂದ ಡಿಎನ್‌ಎ ತೆಗೆದು ಓದುತ್ತೇವೆ. ಮೊದಲು ನೋಡುವುದು ಸಾಮಾನ್ಯವಾಗಿ ಮೈಟೊಕಾಂಡ್ರಿಯದ ಡಿಎನ್‌ಎ. ಇದು ತಾಯಿಯಿಂದ ಮಾತ್ರ ಬರುತ್ತದೆ. ನಿಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ನನಗೆ ಸುಲಭ. ಅಳಿಯಸಂತಾನದ ಮನೆಗಳಲ್ಲಿ ‘ಬಳಿ’ ಇರುತ್ತದಲ್ಲ, ತಾಯಿಯ ಕಡೆಯಿಂದ ಮಕ್ಕಳಿಗೆ ಬರುವಂಥದ್ದು, ಹಾಗೇ ಇದು. ಎರಡು ಊರುಗಳಲ್ಲಿ ಅವೇ ಬಳಿಗಳು ಕಂಡರೆ ಆ ಊರುಗಳ ನಡುವೆ ಹೆಣ್ಣುಮಕ್ಕಳು ಹೋಗಿ ಬಂದಿದ್ದಾರೆ ಅಂತ ಗೊತ್ತಾಗುತ್ತದೆ. ಒಂದೊಂದು ಊರಿನಲ್ಲೂ ಬೇರೆಯೇ ಬಳಿಗಳಿದ್ದರೆ, ಓಡಾಟ ಇರಲಿಲ್ಲ ಅಂತ ಅರ್ಥ.

ಹೀಗೆ ನೋಡಿದಾಗ ಜಗತ್ತಿನ ಹೊಳೆ ಸಿಗಡಿಗಳು ಎರಡು ದಾರಿಗೆ ಬೀಳುತ್ತವೆ. ಮರಿಗೆ ಉಪ್ಪು ಬೇಕಾದ ಜಾತಿಗಳಲ್ಲಿ ಅಕ್ಕಪಕ್ಕದ ಹೊಳೆಗಳ ನಡುವೆ ವ್ಯತ್ಯಾಸ ಕಡಿಮೆ. ಕೆರಿಬಿಯನ್ ಕಡಲಿನ ಪೋರ್ಟೊರಿಕೊ ದ್ವೀಪದಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಅಲ್ಲಿನ ಬೆಟ್ಟದ ಹೊಳೆಗಳು ಒಂದೊಂದೂ ಬೇರೆ ಬೇರೆಯಾಗಿ ಕಡಲು ಸೇರುತ್ತವೆ. ಆದರೆ 2009ರಲ್ಲಿ ಬಂದ ಅಧ್ಯಯನದಲ್ಲಿ ಅಲ್ಲಿನ ವಲಸೆ ಹೋಗುವ ಸಿಗಡಿಗಳು ಇಡೀ ದ್ವೀಪಕ್ಕೆ ಒಂದೇ ಬಳಗದಂತೆ ಕಂಡವು. ಮರಿಗಳು ಕಡಲಿಗೆ ಹೋಗಿ ಬೆರೆತು ಯಾವುದೋ ಹೊಳೆಗೆ ಏರುತ್ತವೆ. ಹುಟ್ಟಿದ ಹೊಳೆಗೇ ವಾಪಸ್ ಬರಬೇಕೆಂಬ ಹಟ ಇವಕ್ಕಿಲ್ಲ. ಸಾಲ್ಮನ್ ಮೀನಿನ ಕತೆಯನ್ನು ಸಿಗಡಿಗೆ ಅಂಟಿಸಬೇಡಿ.

ಎರಡನೇ ದಾರಿ ಉಪ್ಪಿನ ಹಂಗು ಬಿಟ್ಟವುಗಳದ್ದು. ಇವು ದೊಡ್ಡ ಮೊಟ್ಟೆಯನ್ನು ಕೆಲವೇ ಕೆಲವು ಇಡುತ್ತವೆ. ಮರಿ ಮೊಟ್ಟೆಯೊಳಗೇ ಬಹುಪಾಲು ಬೆಳೆದು, ಹೊರಬಂದ ಸ್ವಲ್ಪ ಹೊತ್ತಿಗೇ ನೆಲ ಹಿಡಿಯುತ್ತದೆ. ಇಂಥವುಗಳಲ್ಲಿ ಒಂದು ಗುಡ್ಡದ ಆಚೆ ಈಚೆ ಇರುವ ಎರಡು ತೊರೆಗಳ ಸಿಗಡಿಗಳು ಲಕ್ಷಾಂತರ ವರ್ಷ ದೂರವಾಗಿರಬಹುದು. ಪಶ್ಚಿಮ ಘಟ್ಟದ ಮೇಲಿನ ತೊರೆಗಳಲ್ಲೂ ಇಂಥ ಚಿಕ್ಕ ಸಿಗಡಿಗಳಿವೆ. ಜೋಗದಂಥ 253 ಮೀಟರ್ ಬಂಡೆಯ ಮೇಲೆ ವಾಸ ಮಾಡುವುದಕ್ಕೆ ಕಡಲಿನ ಋಣ ಇಟ್ಟುಕೊಂಡರೆ ಆಗುತ್ತದಾ?

ನಿಮ್ಮ ಹೊಳೆಯಲ್ಲಿ ಎರಡೂ ಬಗೆ ಇರಬಹುದು. ಗೊತ್ತು ಮಾಡಿಕೊಳ್ಳಲು ಲ್ಯಾಬು ಬೇಡ. ಮೊಟ್ಟೆ ಹೊತ್ತ ಹೆಣ್ಣು ಸಿಕ್ಕಾಗ ನೋಡಿ. ಮೊಟ್ಟೆ ರಾಗಿಗಿಂತ ಸಣ್ಣದಾಗಿ, ಎಣಿಸಲಾಗದಷ್ಟು ಇದ್ದರೆ ಸಾಮಾನ್ಯವಾಗಿ ಉಪ್ಪು ಬೇಕಾದ ಜಾತಿ. ರಾಗಿಗಿಂತ ಸ್ಪಷ್ಟವಾಗಿ ದಪ್ಪ ಇದ್ದು, ಕುಳಿತರೆ ಎಣಿಸಿ ಮುಗಿಸಬಹುದು ಅನಿಸಿದರೆ ಊರು ಬಿಡದ ಜಾತಿ.

ರೋಸೆನ್‌ಬರ್ಗಿ ಮೊದಲ ದಾರಿಯದ್ದೇ. ಆದರೆ ಪೋರ್ಟೊರಿಕೊದ ಸಿಗಡಿಗಳಷ್ಟು ಕಡಲು ಸುತ್ತುವಂಥದ್ದಲ್ಲ. ಅದರ ಮರಿಗೆ ಅಳಿವೆಯ ಅರೆ ಉಪ್ಪೇ ಇಷ್ಟ. ಅಳಿವೆಯಲ್ಲೇ ಉಳಿಯುವುದಕ್ಕೆ ಒಂದು ಅನುಕೂಲವೂ ಇದೆ. ಅಳಿವೆಯಲ್ಲಿ ಮೇಲಿನ ಸಿಹಿ ನೀರು ಹೊರಕ್ಕೆ ಹರಿಯುತ್ತಿದ್ದರೆ, ಭಾರವಾದ ಉಪ್ಪು ನೀರು ತಳದಲ್ಲಿ ಒಳಕ್ಕೆ ನುಗ್ಗುತ್ತಿರುತ್ತದೆ. ಉಬ್ಬರದ ಹೊತ್ತಿಗೆ ಮೇಲೇಳುವುದು, ಇಳಿತಕ್ಕೆ ತಳಕ್ಕೆ ಕೂರುವುದು, ಇಷ್ಟು ಮಾಡಿದರೆ ಅಳಿವೆಯಲ್ಲಿ ಹುಟ್ಟುವ ಪುಟ್ಟ ಪ್ರಾಣಿಗಳು ಈಜುವ ಶಕ್ತಿ ಇಲ್ಲದೆಯೂ ಒಳಗೇ ಉಳಿಯಬಲ್ಲವು. ದೊಡ್ಡ ಮಳೆ ಬಂದರೆ ಮಾತ್ರ ಲೆಕ್ಕ ತಪ್ಪುತ್ತದೆ. ಇಡೀ ಅಳಿವೆ ಸಿಹಿಯಾಗಿ ಮರಿಗಳು ಹೊರಕ್ಕೆ ದೂಡಲ್ಪಡುತ್ತವೆ.

ಹಾಗೆ ಹೊರಬಿದ್ದ ಮರಿ ಎಷ್ಟು ದೂರ ಹೋಗಬಹುದು? ಸುಮ್ನೆ ಒಂದು ಲೆಕ್ಕ ಹಾಕಿ. ಕಡಲ ಕರೆಯ ಪಕ್ಕದ ಹರಿವು ಸೆಕೆಂಡಿಗೆ 10 ಸೆಂಟಿಮೀಟರ್ ಇದ್ದರೆ ದಿನಕ್ಕೆ 8.64 ಕಿಲೋಮೀಟರ್, 25 ದಿನಕ್ಕೆ 216 ಕಿಲೋಮೀಟರ್. ಕಾಗದದ ಮೇಲೆ ಕುಂದಾಪುರದ ಮರಿ ಕಾರವಾರ ದಾಟಿಬಿಡುತ್ತದೆ. ನಮ್ಮ ಕರೆಯಲ್ಲಿ ಈ ಹರಿವು ಮಳೆಗಾಲಕ್ಕೆ ದಕ್ಷಿಣಕ್ಕೂ, ನವೆಂಬರಿನಿಂದ ಜನವರಿಯವರೆಗೆ ಉತ್ತರಕ್ಕೂ ಇರುವುದರಿಂದ ಮರಿ ಯಾವ ತಿಂಗಳು ಹುಟ್ಟಿತು ಎಂಬುದರ ಮೇಲೆ ದಿಕ್ಕೂ ಬದಲಾಗುತ್ತದೆ. ಆದರೆ ಕಾಗದದ ಮರಿಯನ್ನು ಯಾವ ಮೀನೂ ತಿನ್ನುವುದಿಲ್ಲ. ನಿಜವಾದ ಮರಿ ಅಷ್ಟು ದಿನ ಬದುಕಿ, ರೂಪ ಬದಲಿಸುವ ಹೊತ್ತಿಗೆ ಸರಿಯಾಗಿ ಯಾವುದಾದರೂ ಅಳಿವೆಯ ಬಾಯಿ ಹತ್ತಿರ ಇರಬೇಕು. ಅಂಥ ಅದೃಷ್ಟವಂತರು ಬಹಳ ಕಡಿಮೆ.

ಇಲ್ಲಿ ಓದಿದವರೂ ಒಂದು ತಪ್ಪು ಮಾಡುತ್ತಾರೆ. ಎರಡು ಹೊಳೆಯ ಸಿಗಡಿಗಳ ಜೀನ್ ಒಂದೇ ಥರ ಬಂದ ಕೂಡಲೇ, ‘ಹಾಗಾದರೆ ಮರಿಗಳು ಧಾರಾಳವಾಗಿ ಹೋಗಿ ಬರುತ್ತಿವೆ, ಒಂದು ಹೊಳೆ ಖಾಲಿಯಾದರೂ ತಾನಾಗಿ ತುಂಬುತ್ತದೆ’ ಅಂತ ಬರೆದುಬಿಡುತ್ತಾರೆ. ನಿಮ್ಮ ಹಿರಿಯರ ಮಾತಿಗೂ ಇದಕ್ಕೂ ವ್ಯತ್ಯಾಸ ಇಂಗ್ಲಿಷ್ ಮಾತ್ರ. ಎರಡು ಬಳಗ ಒಂದರಿಂದ ಒಂದು ದೂರವಾಗದಿರಲು ತಲೆಮಾರಿಗೆ ಒಂದೋ ಎರಡೋ ಪ್ರಾಣಿ ಅತ್ತಿಂದಿತ್ತ ಹೋದರೂ ಸಾಕು ಎಂಬುದು ತಳಿವಿಜ್ಞಾನದ ಹಳೆಯ ಲೆಕ್ಕ. ಎರಡು ಊರಿನ ನಡುವೆ ತಲೆಮಾರಿಗೊಂದು ಮದುವೆ ಆದರೂ ಬಳಿಗಳು ಬೆರೆಯುತ್ತವೆ. ಹಾಗಂತ ಪಾಳುಬಿದ್ದ ಊರು ಆ ಒಂದು ಮದುವೆಯಿಂದ ತುಂಬಿಬಿಡುತ್ತದಾ? ನಿಮ್ಮ ಬಲೆಗೆ ಬೀಳುವಷ್ಟು ಸಿಗಡಿ ಆಗಬೇಕಾದರೆ ವರ್ಷವೂ ಸಾವಿರಾರು ಮರಿ ಏರಬೇಕು. ಅವು ಬರುವುದು ಬಹುಪಾಲು ನಿಮ್ಮದೇ ಅಳಿವೆಯಿಂದ, ನಿಮ್ಮದೇ ಹೊಳೆಯ ತಾಯಂದಿರಿಂದ.

ಇನ್ನೊಂದು ಮಾತು. ಜೀನ್ ಹೇಳುವುದು ಹಳೇ ಕತೆ. ಸುಮಾರು 20,000 ವರ್ಷದ ಹಿಂದೆ ಕಡಲು ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಈಗ ಬೇರೆ ಬೇರೆಯಾಗಿ ಕಡಲು ಸೇರುವ ಎಷ್ಟೋ ಹೊಳೆಗಳು ಆಗ ಇನ್ನೂ ಮುಂದೆ ಹರಿದು ಒಂದಾಗಿ ಕಡಲು ಸೇರುತ್ತಿದ್ದವು. ಆ ಕಾಲದ ನಂಟು ಇವತ್ತಿನ ಡಿಎನ್‌ಎಯಲ್ಲಿ ಕಾಣುತ್ತಲೇ ಇರುತ್ತದೆ. ಹತ್ತಿಪ್ಪತ್ತು ವರ್ಷದ ಹಿಂದೆ ಕಟ್ಟಿದ ಅಣೆಕಟ್ಟಿನ ಗುರುತು ಅದರಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಹೊಳೆಯಲ್ಲಿ ಸಿಗಡಿ ಮುಗಿದ ಮೇಲೂ ವರದಿಯಲ್ಲಿ ‘ವ್ಯತ್ಯಾಸವಿಲ್ಲ’ ಅಂತಲೇ ಇರಬಹುದು.

ಈಗ ಸಂಘದವರ 20,000 ಮರಿ. ಒಂದು ದೊಡ್ಡ ಹೆಣ್ಣು ಒಂದು ಸಲಕ್ಕೆ 80,000ದಿಂದ ಒಂದು ಲಕ್ಷದವರೆಗೆ ಮೊಟ್ಟೆ ಹೊರುತ್ತದೆ. ಬಳಗ ಕುಗ್ಗದೆ ಹಿಗ್ಗದೆ ಹಾಗೇ ಉಳಿಯಬೇಕಾದರೆ ಒಂದು ಹೆಣ್ಣಿನ ಜೀವಮಾನದ ಎಲ್ಲ ಮೊಟ್ಟೆಗಳಿಂದ ಎರಡೇ ಎರಡು ದೊಡ್ಡದಾದರೆ ಸಾಕು. ಉಳಿದದ್ದೆಲ್ಲ ಮೀನಿಗೆ, ಹಸಿವಿಗೆ, ಹರಿವಿಗೆ. ಹ್ಯಾಚರಿ ಮರಿ ಅತಿ ಕಷ್ಟದ ಹಂತ ದಾಟಿ ಬಂದಿರುತ್ತದೆ ಎಂಬುದು ನಿಜ, ಆದ್ದರಿಂದ ಅದರಲ್ಲಿ ಒಂದಿಷ್ಟು ಬದುಕಿ ಆರೆಂಟು ತಿಂಗಳಲ್ಲಿ ನಿಮ್ಮ ಬಲೆಗೆ ಬೀಳಲೂಬಹುದು. ಆದರೆ ಅಣೆಕಟ್ಟಿನ ಮೇಲಿನ ನಿಂತ ನೀರಿನಲ್ಲಿ ಅವು ಮೊಟ್ಟೆಯಿಟ್ಟರೆ ನನ್ನ ಗಾಜಿನ ತೊಟ್ಟಿಯ ಕತೆಯೇ. ಮುಂದಿನ ವರ್ಷ ಮತ್ತೆ ದುಡ್ಡು ಹಾಕಿ ತರಬೇಕು. ಅದು ಸಾಕಣೆ ಆಯಿತು, ಹೊಳೆಗೆ ಸಿಗಡಿ ವಾಪಸ್ ಬಂದ ಹಾಗೆ ಆಗಲಿಲ್ಲ. ಜಲಾಶಯಗಳಿಗೆ ಸ್ಕ್ಯಾಂಪಿ ಮರಿ ಬಿಟ್ಟಾಗಲೂ ಹಿಡಿದದ್ದಷ್ಟೇ ಲಾಭ, ಅಲ್ಲಿ ಸಂತಾನ ಬೆಳೆಯುವುದಿಲ್ಲ.

ನನಗೆ ಹೆಚ್ಚು ಹೆದರಿಕೆ ಇರುವುದು ರೋಗದ್ದು. ಬಿಳಿಬಾಲ ರೋಗ ಅಂತ ಒಂದಿದೆ, ವೈರಸ್‌ನಿಂದ ಬರುವುದು. ಮರಿಗಳ ಬಾಲದ ಮಾಂಸ ಹಾಲಿನ ಹಾಗೆ ಬೆಳ್ಳಗಾಗಿ, ಕೆಲವೇ ದಿನದಲ್ಲಿ ತೊಟ್ಟಿಗೆ ತೊಟ್ಟಿಯೇ ಸಾಯುತ್ತದೆ. ಮೊದಲು ಗುರುತಿಸಿದ್ದು 1990ರ ದಶಕದಲ್ಲಿ, ಕೆರಿಬಿಯನ್‌ನ ಗ್ವಾಡೆಲೂಪ್‌ನಲ್ಲಿ. 2000ದ ನಂತರ ಭಾರತದ ಹ್ಯಾಚರಿಗಳಲ್ಲೂ ಕಂಡಿತು. 2005ರ ಸುಮಾರಿಗೆ ತುದಿ ಮುಟ್ಟಿದ್ದ ನಮ್ಮ ದೇಶದ ಸ್ಕ್ಯಾಂಪಿ ಕೃಷಿ ಆಮೇಲೆ ಕುಸಿದದ್ದಕ್ಕೆ ರೋಗವೂ ಕಾರಣ, ಅವೇ ತಾಯಿ ಸಿಗಡಿಗಳ ಸಂತತಿಯನ್ನು ಮತ್ತೆ ಮತ್ತೆ ಒಳಗೊಳಗೇ ಕೂಡಿಸಿದ್ದೂ ಕಾರಣ. ಅದನ್ನು ಸರಿಪಡಿಸಲಿಕ್ಕೆ ಭುವನೇಶ್ವರದ ಸಿಹಿನೀರು ಮೀನುಗಾರಿಕೆ ಸಂಸ್ಥೆ ಸೀಫಾ, ಗುಜರಾತ್, ಕೇರಳ, ಒಡಿಶಾ ಮೂರೂ ಕಡೆಯ ಸಿಗಡಿಗಳನ್ನು ಕೂಡಿಸಿ ಆಯ್ಕೆಯ ತಳಿ ಮಾಡಿತು. ಕೊಳದಲ್ಲಿ ಸಾಕುವವರಿಗೆ ಅದು ಒಳ್ಳೆಯ ಕೆಲಸ. ಆದರೆ ಕೊಳದ ಒಳ್ಳೆಯ ತಳಿಯನ್ನು ಹೊಳೆಯ ತಳಿ ಮಾಡಲು ಹೋಗಬೇಡಿ. ಕೊಳದಲ್ಲಿ ಬೇಕಾದದ್ದು ಬೇಗ ಬೆಳೆಯುವ ಗುಣ. ಹೊಳೆಯಲ್ಲಿ ಬೇಕಾದದ್ದು ಯಾವ ಮಳೆಗೆ ಇಳಿಯಬೇಕು, ಯಾವ ಹರಿವಿಗೆ ಏರಬೇಕು ಎಂಬ ಗುಣ.

ಇಲ್ಲಿ ನಿಮ್ಮ ಮಗಳ ಮಾತು ಬರುತ್ತದೆ. ತಳಿ ಬೆರೆತರೆ ಹಾಳಾಗುತ್ತದಾ? ಉಪ್ಪು ಬೇಕಾದ ಜಾತಿಯಲ್ಲಿ, ಪಕ್ಕದ ಹೊಳೆಯ ಸಿಗಡಿ ಬೆರೆತರೆ ದೊಡ್ಡ ಅನಾಹುತ ಏನೂ ಇಲ್ಲ. ಅವು ಹೇಗೂ ಅಷ್ಟಿಷ್ಟು ಬೆರೆಯುತ್ತವೆ. ದೂರದ್ದು ಬೆರೆತರೆ ಮಾತ್ರ ಎಚ್ಚರ ಬೇಕು. ನೋಡಲಿಕ್ಕೆ ಒಂದೇ ಥರ ಇದ್ದದ್ದು ಒಳಗೆ ಬೇರೆ ಇರಬಹುದು. ಈ ರೋಸೆನ್‌ಬರ್ಗಿಯನ್ನೇ ನೋಡಿ. ಭಾರತದಿಂದ ಇಂಡೊನೇಷ್ಯಾ ದಾಟಿ ಆಸ್ಟ್ರೇಲಿಯಾದವರೆಗೆ ಒಂದೇ ಜಾತಿ ಅಂತ ಬಹಳ ಕಾಲ ತಿಳಿದಿದ್ದರು. 2004ರಲ್ಲಿ ಡಿಎನ್‌ಎ ಓದಿದಾಗ ಪೂರ್ವದ್ದೇ ಬೇರೆ, ಪಶ್ಚಿಮದ್ದೇ ಬೇರೆ ಅಂತ ತಿಳಿಯಿತು. ಈಗ ಪೂರ್ವದ್ದಕ್ಕೆ ಬೇರೆ ಹೆಸರೇ ಇದೆ.

ಬೆರಕೆ ಎಷ್ಟು ಕೆಟ್ಟದಾಗಬಹುದು ಎಂಬುದಕ್ಕೆ ಆಸ್ಟ್ರೇಲಿಯಾದ ಒಂದು ಕತೆ ಇದೆ. ಕ್ವೀನ್ಸ್‌ಲ್ಯಾಂಡಿನ ಕಾನಂಡೇಲ್ ಬೆಟ್ಟದಲ್ಲಿ ಪ್ಯಾರಾಟ್ಯಾ ಎಂಬ ಪುಟ್ಟ ಸಿಗಡಿ ಇದೆ. 1993ರಲ್ಲಿ ಸಂಶೋಧಕರು ಒಂದು ತೊರೆಯ ಸಿಗಡಿಗಳನ್ನು ಇನ್ನೊಂದು ತೊರೆಗೆ ಬಿಟ್ಟರು. ಎರಡೂ ಒಂದೇ ನದಿಗೆ ಸೇರುವ ತೊರೆಗಳು. ಏಳು ತಲೆಮಾರು ಕಳೆದ ಮೇಲೆ ಹೋಗಿ ನೋಡಿದರೆ ಬಿಟ್ಟ ಜಾಗದಲ್ಲಿ ಊರಿನ ತಳಿಯೇ ಇಲ್ಲ. ಜಗಳ ಆಗಿರಲಿಲ್ಲ, ಆಹಾರ ಕಡಿಮೆಯಾಗಿರಲಿಲ್ಲ. ಊರಿನ ಹೆಣ್ಣುಗಳೂ ಹೊರಗಿನಿಂದ ಬಂದ ಗಂಡುಗಳನ್ನೇ ಮೆಚ್ಚಿಕೊಂಡವು, ಆದರೆ ಆ ಜೋಡಿಗಳ ಮರಿಗಳು ಸರಿಯಾಗಿ ಬದುಕಲಿಲ್ಲ. ಊರಿನ ಹೆಣ್ಣುಗಳ ಸಂತಾನ ಅಲ್ಲಿಗೆ ಮುಗಿಯಿತು. ಆ ತೊರೆಗಳ ಸಿಗಡಿ ಊರು ಬಿಡದ ಬಗೆಯದ್ದು ಎಂಬುದನ್ನು ಮರೆಯಬೇಡಿ. ಅಂಥವುಗಳಲ್ಲಿ ನಿಮ್ಮ ಮಗಳ ಭಯ ನೂರಕ್ಕೆ ನೂರು ಸರಿ. ರೋಸೆನ್‌ಬರ್ಗಿಯಲ್ಲಿ ಅಷ್ಟು ಅಲ್ಲ. ಆದರೂ ಬಂಗಾಳ ಕೊಲ್ಲಿಯ ಕಡೆಯ ಮರಿಯನ್ನು ಅರಬ್ಬಿ ಕಡಲಿನ ಹೊಳೆಗೆ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಬಿಟ್ಟ ಮೇಲೆ ವಾಪಸ್ ಹೆಕ್ಕಲಿಕ್ಕೆ ಆಗುವುದಿಲ್ಲ.

ಹಾಗಾದರೆ ಮಾಡುವುದೇನು? ನಾನಾದರೆ ಮೊದಲು ಅಣೆಕಟ್ಟಿನ ಕೆಳಗೆ ಹೋಗಿ ನೋಡುತ್ತೇನೆ. ಮಳೆ ಇಳಿದ ಮೇಲೆ, ಹಲಗೆ ಹಾಕಿದ ಎರಡು ಮೂರು ವಾರಕ್ಕೆ, ಕತ್ತಲಾದ ಒಂದೆರಡು ಗಂಟೆಗೆ ಟಾರ್ಚ್ ಹಿಡಿದು ಹೋಗಿ. ಮರಿ ಸಿಗಡಿಗಳು ರಾತ್ರಿ, ದಡದ ಪಕ್ಕದ ನಿಧಾನ ನೀರಿನಲ್ಲಿ ಏರುತ್ತವೆ. ಬೆಳಕು ಬಿದ್ದರೆ ಅವುಗಳ ಕಣ್ಣು ಕೆಂಡದ ಚುಕ್ಕಿಗಳ ಹಾಗೆ ಹೊಳೆಯುತ್ತವೆ. ಕೆಳಗೆ ಚುಕ್ಕಿಗಳು ಗುಂಪಾಗಿದ್ದು ಮೇಲೆ ಏನೂ ಇಲ್ಲದಿದ್ದರೆ ನಿಮ್ಮ ಹೊಳೆಗೆ ಮರಿ ಬರುತ್ತಿದೆ, ದಾರಿ ಮಾತ್ರ ಇಲ್ಲ. ಆಗ ಹ್ಯಾಚರಿಗೆ ಒಂದು ರೂಪಾಯಿಯೂ ಕೊಡಬೇಡಿ. ನಾಲ್ಕು ಐದು ರಾತ್ರಿ ನೋಡಿದರೂ ಕೆಳಗೂ ಏನೂ ಇಲ್ಲದಿದ್ದರೆ ತೊಂದರೆ ಬೇರೆಡೆ ಇದೆ. ತಾಯಿಗಳು ಇಳಿಯುತ್ತಿಲ್ಲ, ಇಲ್ಲವೇ ಅಳಿವೆಯೇ ಕೆಟ್ಟಿದೆ. ಅಳಿವೆ ಕೆಡುವುದು ಅಂದರೆ ಕೊಳಕು ಮಾತ್ರ ಅಲ್ಲ. ಶರಾವತಿಯಲ್ಲಿ ವಿದ್ಯುತ್‌ಗಾಗಿ ವರ್ಷವಿಡೀ ನೀರು ಬಿಡುವುದರಿಂದ ಹೊನ್ನಾವರದ ಅಳಿವೆಯ ಉಪ್ಪು ತೆಳುವಾಗಿ, ಅಲ್ಲಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುವ ಕಸುಬೇ ನಿಂತಿತು. ಪಕ್ಕದಲ್ಲೇ ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಅದು ಇವತ್ತಿಗೂ ಎಷ್ಟೋ ಮನೆಗಳ ಅನ್ನ.

ಕಿಂಡಿ ಅಣೆಕಟ್ಟಿನ ಒಂದು ಒಳ್ಳೆಯ ಗುಣ ಎಂದರೆ ಅದರಲ್ಲಿ ಹಲಗೆ ಇದೆ, ತೆಗೆಯಬಹುದು. ಕಾಂಕ್ರೀಟ್ ಗೋಡೆಗೆ ಆ ಮಾತಿಲ್ಲ. ತೊಂದರೆ ಇರುವುದು ತಿಂಗಳಿನ ಲೆಕ್ಕದಲ್ಲಿ. ಕೇರಳದ ವೆಂಬನಾಡಿನಲ್ಲಿ ಈ ಸಿಗಡಿಯ ಹೆಣ್ಣುಗಳು ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಮೊಟ್ಟೆ ಹೊತ್ತು ಸವುಳಿಗೆ ಇಳಿಯುತ್ತವೆ. ಮರಿ ಏರುವುದು ಅದಾದ ಮೇಲೆ. ನಮ್ಮಲ್ಲಿ ಹಲಗೆ ಹಾಕುವುದು ನವೆಂಬರ್, ಡಿಸೆಂಬರ್‌ನಲ್ಲಿ. ಅಂದರೆ ಕೊನೆಯ ತಾಯಂದಿರು ಇಳಿಯುವ, ಮೊದಲ ಮರಿಗಳು ಏರುವ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕಿಕೊಳ್ಳುತ್ತದೆ. ವೆಂಬನಾಡಿನಲ್ಲೇ 1970ರ ದಶಕದಲ್ಲಿ ತಣ್ಣೀರ್‌ಮುಕ್ಕಂ ಎಂಬಲ್ಲಿ ಉಪ್ಪು ತಡೆಯುವ ಒಡ್ಡು ಬಂದ ಮೇಲೆ ಅಲ್ಲಿನ ಹೆಸರಾಂತ ಆಟ್ಟುಕೊಂಜು, ಅಂದರೆ ಇದೇ ಸಿಗಡಿ, ತೀರಾ ಇಳಿಯಿತು.

ಹಲಗೆ ಹಾಕುವುದನ್ನು ಎರಡು ವಾರ ಮುಂದೂಡಿದರೂ ಪ್ರಯೋಜನ ಇದೆ. ಆದರೆ ಇದು ಪುಕ್ಕಟೆ ಸಲಹೆ ಅಲ್ಲ. ಉಪ್ಪು ಒಳಬಂದರೆ ಸುಗ್ಗಿ ಗದ್ದೆ ಹೋಗುತ್ತದೆ, ಬಾವಿ ಸಪ್ಪೆಯಿಂದ ಉಪ್ಪಾಗುತ್ತದೆ. ಗದ್ದೆಯವರನ್ನು ಬಿಟ್ಟು ಸಿಗಡಿಯವರು ಮಾತ್ರ ಸಭೆ ಮಾಡಿದರೆ ಜಗಳ ಗ್ಯಾರಂಟಿ. ನಡುವಿನ ದಾರಿ ಇದೆ. ಎಲ್ಲ ಕಿಂಡಿ ಮುಚ್ಚಿ, ದಡದ ಪಕ್ಕದ ಒಂದು ಕಿಂಡಿಯಲ್ಲಿ ಮಾತ್ರ ಮೇಲಿನ ಹಲಗೆಯನ್ನು ಒಂದು ಗೇಣು ತಗ್ಗಿಸಿ, ರಾತ್ರಿ ತೆಳುವಾಗಿ ನೀರು ಹೊರಕ್ಕೆ ಹರಿಯಲು ಬಿಡಿ. ಮೇಲಿನ ಮಟ್ಟ ಕೆಳಗಿನ ಉಬ್ಬರಕ್ಕಿಂತ ಎತ್ತರ ಇರುವವರೆಗೆ ಉಪ್ಪು ಹತ್ತುವುದಿಲ್ಲ. ಹೊಳೆಯ ನೀರು ಬತ್ತುವ ಮಾರ್ಚ್ ಏಪ್ರಿಲ್‌ನಲ್ಲಿ ಇದು ಆಗದ ಮಾತು. ಡಿಸೆಂಬರ್, ಜನವರಿಗೆ ಬಹಳ ಕಡೆ ಆದೀತು.

ಆ ಕಿಂಡಿಯಿಂದ ಕೆಳಗೆ ಒರಟಾದ ತೆಂಗಿನ ನಾರಿನ ಹಗ್ಗ ಇಳಿಬಿಡಿ, ಇಲ್ಲವೇ ಕಲ್ಲು ಜೋಡಿಸಿ ಇಳಿಜಾರು ಮಾಡಿ. ನೀರು ಜಿನುಗುವ ಒರಟು ಜಾಗ ಸಿಕ್ಕರೆ ಮರಿ ಸಿಗಡಿ ಹತ್ತುತ್ತದೆ. ನ್ಯೂಜಿಲೆಂಡಿನಲ್ಲಿ ರಸ್ತೆ ಮೋರಿಗಳಲ್ಲಿ ಹಗ್ಗ ಕಟ್ಟಿ ಅಲ್ಲಿನ ಸಿಗಡಿಗೂ ಮೀನಿಗೂ ದಾರಿ ಮಾಡಿಕೊಟ್ಟಿದ್ದಾರೆ. ನಮ್ಮ ಕಡೆ ಹಗ್ಗದ ಖರ್ಚು ಎಷ್ಟು ಮಹಾ? ಅಪಾಯ ಒಂದೇ. ಏರುವ ದಾರಿ ಕಿರಿದಾದಷ್ಟೂ ಅಲ್ಲಿ ಹಿಡಿಯುವವರು ಕಾದು ಕೂರುತ್ತಾರೆ, ಮನುಷ್ಯರೂ, ಮೀನುಗಳೂ. ಮನುಷ್ಯರನ್ನು ತಡೆಯುವುದು ನಿಮ್ಮ ಸಂಘದ ಕೆಲಸ.

ಕುಡಿಯುವ ನೀರಿನ ಪಂಪು ಆ ಹೊಳೆಯಲ್ಲಿದ್ದರೆ ಅದನ್ನೂ ಗಮನಿಸಿ. ಪೋರ್ಟೊರಿಕೊದ ಒಂದು ಹೊಳೆಯಲ್ಲಿ ಕೆಳಗೆ ತೇಲಿ ಹೋಗುವ ಸಿಗಡಿ ಮರಿಗಳಲ್ಲಿ ಸರಾಸರಿ 42% ನೀರೆತ್ತುವ ಕೊಳವೆಗೆ ಹೋಗಿ ಸಾಯುತ್ತಿದ್ದವು. ಮರಿಗಳು ತೇಲುವುದು ಮುಖ್ಯವಾಗಿ ಕತ್ತಲಾದ ಮೊದಲ ಕೆಲವು ಗಂಟೆ. ಅಷ್ಟು ಹೊತ್ತು ನೀರೆತ್ತುವುದು ನಿಲ್ಲಿಸಿದರೆ ಬಹುಪಾಲು ಉಳಿಯುತ್ತವೆ ಅಂತ ಅಲ್ಲಿನವರು ಲೆಕ್ಕ ಹಾಕಿ ತೋರಿಸಿದರು. ಸಂಜೆ ಏಳರಿಂದ ಹತ್ತರವರೆಗೆ ಪಂಪು ನಿಲ್ಲಿಸಿ ಅಂತ ಕೇಳುವುದು ದೊಡ್ಡ ಬೇಡಿಕೆ ಏನಲ್ಲ, ಅಲ್ವಾ?

ಅಡಿಕೆ ತೋಟದವರಿಗೂ ಒಂದು ಮಾತು. ಬೋರ್ಡೊ ದ್ರಾವಣದ ಮೈಲುತುತ್ತು ಸಿಗಡಿಗೆ ವಿಷ. ಹೊಡೆಯಬೇಡಿ ಅಂತ ನಾನು ಹೇಳಿದರೆ ಯಾರೂ ಕೇಳುವುದಿಲ್ಲ, ಕೊಳೆರೋಗಕ್ಕೆ ಹೊಡೆಯಲೇಬೇಕು. ಆದರೆ ಡ್ರಮ್ಮು, ಪೈಪು ತೊಳೆದ ನೀರನ್ನು ತೋಡಿಗೆ ಬಿಡಬೇಡಿ, ತೋಟದೊಳಗೇ ಚೆಲ್ಲಿ.

ಇನ್ನು ನಿಮ್ಮ ಕೆರೆ. ಅಲ್ಲಿ ಅವು ಹೆಚ್ಚಾಗುವುದಿಲ್ಲ. ಮೊಟ್ಟೆ ಒಡೆಯುತ್ತದೆ, ಮರಿ ಬರುತ್ತದೆ, ವಾರದೊಳಗೆ ಹೋಗುತ್ತದೆ. ಆದ್ದರಿಂದ ಹೊಳೆಯಲ್ಲಿ ಮೊಟ್ಟೆ ಹೊತ್ತದ್ದು ಸಿಕ್ಕರೆ ವಾಪಸ್ ಬಿಡಿ, ಕೆರೆಯದ್ದನ್ನು ಧಾರಾಳವಾಗಿ ಹಿಡಿದು ತಿನ್ನಿ. ಉಳಿಸಿ ಲಾಭವಿಲ್ಲ. ಜೂನಿಗೆ ಮೊದಲು ಮಾತ್ರ ಒಂದು ಕೆಲಸ ಮಾಡಿ. ಕೆರೆಯ ತೂಬಿನ ನೀರು ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ತೋಡಿನ ಮೂಲಕ ಹೊಳೆಗೆ ಹೋಗುವುದಾದರೆ ಈಗಲೇ ಸಣ್ಣ ಕಣ್ಣಿನ ಬಲೆ ಕಟ್ಟಿಬಿಡಿ. ಇಲ್ಲದಿದ್ದರೆ ಮೊದಲ ದೊಡ್ಡ ಮಳೆಗೆ ಆಂಧ್ರದ ಮರಿಗಳು ಸಂಘದ ಸಭೆ ಮುಗಿಯುವ ಮೊದಲೇ ಹೊಳೆ ಸೇರಿರುತ್ತವೆ.